ಆಫ್ ಮಾಡದೇ ಬದಲಿಸೋದು: ನೆಟ್‌ವರ್ಕ್ ಸ್ವಿಚ್‌ನಲ್ಲಿ ಹಾಟ್-ಸ್ವಾಪ್

"ಸರ್ವರ್ ಡೌನ್ ಅದ ರೀ, ನಾಳಿಗಿ ಬರ್ರಿ." ರಾಯಚೂರು ಜಿಲ್ಲೆಯಲ್ಲಿ ಬೆಳೆದವರು ಈ ಮಾತನ್ನ ಎಲ್ಲೋ ಒಂದು ಕಡೆ ಕೇಳಿಯೇ ಇರ್ತಾರೆ. ಪಹಣಿ ತೆಗೆಸೋಕೆ ಹೋದಾಗ, ಬ್ಯಾಂಕಿನ ಸಾಲಿನಲ್ಲಿ ನಿಂತಾಗ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ. ಇದರಲ್ಲಿ ಒಂದು ತಮಾಷೆ ಇದೆ. ಸರ್ವರ್ ಬೆಂಗಳೂರಲ್ಲಿ ಆರಾಮಾಗಿ ಓಡ್ತಿದ್ದು, ನಡುವಿನ ದಾರಿ ಮಾತ್ರ ಕಡಿದು ಹೋಗಿದ್ರೂ ನಾವು ಹೇಳೋದು "ಸರ್ವರ್ ಡೌನ್" ಅಂತಲೇ. ಆ ನಡುವಿನ ದಾರಿಯಲ್ಲಿ ಕೂತಿರೋದು ಸ್ವಿಚ್‌ಗಳು, ರೌಟರ್‌ಗಳು. ಅವುಗಳಲ್ಲಿ ಒಂದು ಸಣ್ಣ ಭಾಗ ಕೆಟ್ಟರೂ ದೂರದ ಹಳ್ಳಿಯಿಂದ ಬಸ್ಸು ಹತ್ತಿ ಬಂದ ಒಬ್ಬರ ಒಂದು ದಿನದ ಕೂಲಿ ಹೋಗುತ್ತೆ.

ಹಾಗಾಗಿ ಈ ಸಲ ನಾವು ಆರಿಸಿಕೊಂಡ ವಿಷಯ ಇದು: ಸ್ವಿಚ್‌ನ ಕೆಟ್ಟ ಭಾಗವನ್ನ, ಸ್ವಿಚ್ ಆಫ್ ಮಾಡದೇ, ಓಡ್ತಿರುವಾಗಲೇ ಬದಲಿಸೋದು ಹೇಗೆ? ಸಿಲಬಸ್‌ನಲ್ಲಿ ಲೇಯರ್ 2, ಲೇಯರ್ 3 ಅಂತ ಓದ್ತೀವಿ. ಆದರೆ ಸ್ಕ್ರೂಡ್ರೈವರ್ ಹಿಡಿದು ರ‍್ಯಾಕ್ ಮುಂದೆ ನಿಂತಾಗ ಬೇಕಾಗೋದು ಬೇರೆಯೇ ತಿಳಿವಳಿಕೆ. ಇಂಟರ್ನ್‌ಶಿಪ್‌ಗೆ ಹೋಗುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿಯೇ ಬರೀತಿದ್ದೀವಿ.

ಹಾಟ್-ಸ್ವಾಪ್ ಅಂದ್ರೆ ಏನು?

ಇಲ್ಲಿ "ಹಾಟ್" ಅಂದ್ರೆ ಬಿಸಿ ಅಂತಲ್ಲ, ಕರೆಂಟು ಹರೀತಿದೆ ಅಂತ. ಸ್ವಿಚ್‌ಗೆ ಪವರ್ ಇದ್ದಾಗಲೇ, ಪ್ಯಾಕೆಟ್‌ಗಳು ಓಡಾಡ್ತಿದ್ದಾಗಲೇ ಒಂದು ಮಾಡ್ಯೂಲನ್ನ ಹೊರಗೆಳೆದು ಇನ್ನೊಂದನ್ನ ತೂರಿಸೋದಕ್ಕೆ ಹಾಟ್-ಸ್ವಾಪ್ ಅಂತಾರೆ. ಸಿಸ್ಕೋ ಕೈಪಿಡಿಗಳಲ್ಲಿ ಇದನ್ನೇ ಓಐಆರ್, ಅಂದರೆ ಆನ್‌ಲೈನ್ ಇನ್ಸರ್ಷನ್ ಅಂಡ್ ರಿಮೂವಲ್ ಅಂತ ಕರೀತಾರೆ.

ಒಂದು ವ್ಯತ್ಯಾಸ ಮಾತ್ರ ಮೊದಲೇ ತಲೇಲಿ ಇಟ್ಟುಕೊಳ್ಳಿ. ಹಾರ್ಡ್‌ವೇರ್ ಸುಡದೇ ಉಳಿಯೋದು ಒಂದು, ಸರ್ವೀಸ್ ನಿಲ್ಲದೇ ಉಳಿಯೋದು ಇನ್ನೊಂದು. ಓಡ್ತಿರುವ ಸ್ವಿಚ್‌ನಿಂದ ಫೈಬರ್ ಮಾಡ್ಯೂಲ್ ಕಿತ್ತರೆ ಸ್ವಿಚ್‌ಗೆ ಏನೂ ಆಗಲ್ಲ. ಆದರೆ ಆ ಫೈಬರ್‌ನ ಆಚೆ ತುದಿಯಲ್ಲಿರೋ ಊರು ಆಫ್‌ಲೈನ್ ಆಗುತ್ತೆ. ಹಾಟ್-ಸ್ವಾಪ್ ಮಾಡಬಹುದು ಅಂತ ಡೇಟಾಶೀಟ್ ಹೇಳಿದಾಗ ಅದು ಕೊಡ್ತಿರೋದು ಮೊದಲನೆಯ ಭರವಸೆ ಮಾತ್ರ. ಎರಡನೆಯದು ನಮ್ಮ ಡಿಸೈನ್‌ನಿಂದ ಬರಬೇಕು: ಈ ಮಾಡ್ಯೂಲ್ ಹೊರಗಿದ್ದಾಗ ಅದರ ಭಾರ ಹೊರೋದು ಯಾರು? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೇ ಯಾವ ಹಿಡಿಕೆಯನ್ನೂ ಎಳೆಯಬಾರದು.

ಸಾಮಾನ್ಯವಾಗಿ ಹೀಗೆ ಬದಲಿಸಬಹುದಾದ ಭಾಗಗಳು ಇವು:

1. ಪವರ್ ಸಪ್ಲೈ (ಎರಡು ಅಥವಾ ಹೆಚ್ಚು ಇದ್ದಾಗ)
2. ಫ್ಯಾನ್ ಅಥವಾ ಫ್ಯಾನ್ ಟ್ರೇ
3. ಎಸ್‌ಎಫ್‌ಪಿ, ಅಂದರೆ ಫೈಬರ್ ತುದಿಯಲ್ಲಿ ಕೂರುವ ಬೆರಳಿನಷ್ಟು ಉದ್ದದ ಟ್ರಾನ್ಸೀವರ್
4. ದೊಡ್ಡ ಚಾಸಿಗಳಲ್ಲಿ ಲೈನ್ ಕಾರ್ಡ್
5. ಎರಡು ಸೂಪರ್‌ವೈಸರ್ ಕಾರ್ಡ್ ಇದ್ದರೆ, ಸ್ಟ್ಯಾಂಡ್‌ಬೈ ಆಗಿರೋದು

ನಮ್ಮ ಲ್ಯಾಬ್‌ಗಳಲ್ಲಿ, ಸಣ್ಣ ಆಫೀಸ್‌ಗಳಲ್ಲಿ ಇರೋ 8 ಪೋರ್ಟ್, 24 ಪೋರ್ಟ್ ಡಬ್ಬಿಗಳಲ್ಲಿ ಬಹಳಷ್ಟಕ್ಕೆ ಎಸ್‌ಎಫ್‌ಪಿ ಬಿಟ್ಟು ಬೇರೇನೂ ಬಿಚ್ಚೋಕೆ ಬರಲ್ಲ. ಪವರ್ ಸಪ್ಲೈ ಒಳಗೇ ಫಿಕ್ಸ್ ಆಗಿರುತ್ತೆ. ಅವುಗಳ ಮಾತು ಕೊನೆಗೆ ಬರುತ್ತೆ.

ಸ್ಪಾರ್ಕ್ ಯಾಕೆ ಆಗಲ್ಲ?

ಎರಡನೇ ವರ್ಷದವರಿಗೆ ಖುಷಿ ಕೊಡೋ ಭಾಗ ಇದು, ಯಾಕಂದ್ರೆ ಬೇಸಿಕ್ ಎಲೆಕ್ಟ್ರಾನಿಕ್ಸ್ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತೆ.

ಮೊದಲನೆಯದು ಪಿನ್‌ಗಳ ಉದ್ದ. ಒಂದು ಹಳೇ ಪೆನ್ ಡ್ರೈವ್ ತೆಗೆದುಕೊಂಡು ಅದರ ಬಾಯಿ ನೋಡಿ. ನಾಲ್ಕು ಪಟ್ಟಿಗಳಲ್ಲಿ ಆಚೆ ಈಚೆ ಇರೋ ಎರಡು ಸ್ವಲ್ಪ ಉದ್ದ, ನಡುವಿನ ಎರಡು ಗಿಡ್ಡ. ಉದ್ದದವು ಪವರ್ ಮತ್ತು ಗ್ರೌಂಡ್, ಗಿಡ್ಡವು ಡೇಟಾ. ತೂರಿಸುವಾಗ ಪವರ್ ಮತ್ತು ಗ್ರೌಂಡ್ ಮೊದಲು ಕೂಡುತ್ತವೆ, ಆಮೇಲೆ ಡೇಟಾ. ಕೀಳುವಾಗ ಇದರ ಉಲ್ಟಾ. ಎಸ್‌ಎಫ್‌ಪಿಯ 20 ಪಿನ್‌ಗಳಲ್ಲೂ ಇದೇ ಉಪಾಯ: ಗ್ರೌಂಡ್ ಎಲ್ಲಕ್ಕಿಂತ ಮೊದಲು, ನಂತರ ಪವರ್, ಕೊನೆಗೆ ಸಿಗ್ನಲ್. ಗ್ರೌಂಡ್ ಇಲ್ಲದೇ ಸಿಗ್ನಲ್ ಪಿನ್ ಮೊದಲು ಮುಟ್ಟಿದರೆ ಕರೆಂಟು ತನ್ನ ದಾರಿಯನ್ನ ಸೂಕ್ಷ್ಮ ಚಿಪ್‌ಗಳ ಒಳಗಿಂದ ಹುಡುಕಿಕೊಳ್ಳುತ್ತೆ. ಅದನ್ನ ತಪ್ಪಿಸೋಕೆ ಈ ಸರದಿ.

ಎರಡನೆಯದು ಇನ್‌ರಷ್ ಕರೆಂಟ್. ಹೊಸ ಕಾರ್ಡ್‌ನಲ್ಲಿ ದೊಡ್ಡ ಕೆಪಾಸಿಟರ್‌ಗಳಿರುತ್ತವೆ, ಎಲ್ಲಾ ಖಾಲಿ. ಖಾಲಿ ಕೆಪಾಸಿಟರ್ ಮೊದಲ ಕ್ಷಣದಲ್ಲಿ ಶಾರ್ಟ್ ಸರ್ಕ್ಯೂಟ್‌ನಂತೆ ವರ್ತಿಸುತ್ತೆ. ಕರೆಂಟು ಅಂದ್ರೆ ಕೆಪಾಸಿಟನ್ಸ್ ಗುಣಿಸು ವೋಲ್ಟೇಜ್ ಏರುವ ವೇಗ. ಲೆಕ್ಕ ಹಾಕೋಣ. ಕಾರ್ಡ್‌ನಲ್ಲಿ ಒಟ್ಟು 1000 ಮೈಕ್ರೋಫ್ಯಾರಡ್, ಪವರ್ ಲೈನ್ 12 ವೋಲ್ಟ್ ಅಂತಿಟ್ಟುಕೊಳ್ಳಿ. ಆ 12 ವೋಲ್ಟ್ 1 ಮಿಲಿಸೆಕೆಂಡಿನಲ್ಲಿ ಏರಿದರೆ 12 ಆಂಪಿಯರ್ ಎಳೆಯುತ್ತೆ. ನೇರವಾಗಿ ಮುಟ್ಟಿಸಿದರೆ ಇನ್ನೂ ಬೇಗ ಏರುತ್ತೆ, ಕರೆಂಟು ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಆ ಕ್ಷಣಕ್ಕೆ ಬ್ಯಾಕ್‌ಪ್ಲೇನ್‌ನ ವೋಲ್ಟೇಜ್ ಕುಸಿದು ಪಕ್ಕದ ಕಾರ್ಡ್‌ಗಳು ರೀಸ್ಟಾರ್ಟ್ ಆಗ್ತವೆ. ಮನೇಲಿ ಮೋಟರ್ ಚಾಲೂ ಮಾಡಿದಾಗ ಬಲ್ಬು ಮಂಕಾಗುತ್ತಲ್ಲ, ಹಾಗೆ.

ಇದಕ್ಕೆ ಪರಿಹಾರ ಹಾಟ್-ಸ್ವಾಪ್ ಕಂಟ್ರೋಲರ್ ಅನ್ನೋ ಚಿಪ್. ಪವರ್ ದಾರಿಯಲ್ಲಿ ಒಂದು ಮಾಸ್‌ಫೆಟ್ ಇಟ್ಟು ಅದರ ಗೇಟನ್ನ ನಿಧಾನಕ್ಕೆ ತೆರೆಯೋದು. 12 ವೋಲ್ಟ್ ಏರೋಕೆ 50 ಮಿಲಿಸೆಕೆಂಡ್ ಕೊಟ್ಟರೆ ಅದೇ ಕೆಪಾಸಿಟರ್ ಎಳೆಯೋದು ಬರೀ 0.24 ಆಂಪಿಯರ್. ನಮ್ಮ ಕಾಲುವೆ ಗೇಟು ಎತ್ತುವ ಹಾಗೆಯೇ. ಒಂದೇ ಸಲ ಪೂರ್ತಿ ಎತ್ತಿದರೆ ಒಡ್ಡು ಕೊಚ್ಚಿಹೋಗುತ್ತೆ, ಸ್ವಲ್ಪ ಸ್ವಲ್ಪ ಎತ್ತಿದರೆ ನೀರು ಸುಮ್ಮನೆ ಹರಿಯುತ್ತೆ.

ಮೂರನೆಯದು "ನಾನು ಬಂದೆ" ಅನ್ನೋ ಪಿನ್. ಮಾಡ್ಯೂಲ್ ಪೂರ್ತಿ ಕೂತಾಗ ಮಾತ್ರ ಒಂದು ಪಿನ್ ಗ್ರೌಂಡ್‌ಗೆ ಇಳಿಯುತ್ತೆ. ಆಗ ಸ್ವಿಚ್‌ನ ಸಾಫ್ಟ್‌ವೇರ್‌ಗೆ ಗೊತ್ತಾಗುತ್ತೆ. ಎಸ್‌ಎಫ್‌ಪಿ ಆದರೆ ಐ-ಸ್ಕ್ವೇರ್ಡ್-ಸಿ ಬಸ್ ಮೂಲಕ ಅದರೊಳಗಿನ ಪುಟ್ಟ ಮೆಮೊರಿ ಓದಿ, ಯಾರು ಮಾಡಿದ್ದು, ಯಾವ ವೇಗ, ಯಾವ ತರಂಗಾಂತರ ಅಂತ ತಿಳಿದುಕೊಂಡು, ಆಮೇಲೆ ಪೋರ್ಟ್ ಚಾಲೂ ಮಾಡುತ್ತೆ. ಅರ್ಧ ತೂರಿಸಿ ಬಿಟ್ಟರೆ ಅಥವಾ ಅಲುಗಾಡಿಸುತ್ತಾ ತೂರಿಸಿದರೆ ಈ ಸರದಿ ಎಲ್ಲಾ ಕೆಡುತ್ತೆ. ನೇರವಾಗಿ, ಒಂದೇ ಸಮನೆ, ಕ್ಲಿಕ್ ಅನ್ನೋ ತನಕ ತಳ್ಳಬೇಕು ಅಂತ ಕೈಪಿಡಿ ಹೇಳೋದು ಇದಕ್ಕೇ.

ಪವರ್ ಸಪ್ಲೈ: ಎರಡಿದ್ದರೆ ಸಾಲದು

ಸ್ವಿಚ್‌ಗೆ ಎರಡು ಪವರ್ ಸಪ್ಲೈ ಇದ್ದಾಗ ಸಾಮಾನ್ಯವಾಗಿ ಎರಡೂ ಅರ್ಧ ಅರ್ಧ ಭಾರ ಹೊರುತ್ತವೆ. ಒಂದು ಸತ್ತರೆ ಅದು ಇನ್ನೊಂದರ ಕರೆಂಟನ್ನ ಎಳೆದುಕೊಳ್ಳದಂತೆ ನಡುವೆ ಡಯೋಡ್ ಥರ ಕೆಲಸ ಮಾಡೋ ಸರ್ಕ್ಯೂಟ್ ಇರುತ್ತೆ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಕೂತುಬಿಟ್ಟರೆ ಇನ್ನೊಂದು ಪೂರ್ತಿ ಭಾರ ಎಳೀಬೇಕು. ಎಳೆಯೋ ತಾಕತ್ತು ಅದಕ್ಕಿದೆಯಾ ಅನ್ನೋದೇ ಪ್ರಶ್ನೆ.

ಮತ್ತೆ ಲೆಕ್ಕ. ಪವರ್ ಸಪ್ಲೈ ಒಂದೊಂದು 600 ವ್ಯಾಟ್. ಸ್ವಿಚ್ ತಾನೇ ತಿನ್ನೋದು 150 ವ್ಯಾಟ್ ಅಂತಿರಲಿ. 24 ಪೋರ್ಟ್‌ಗಳಿಗೆ ಪಿಓಇ, ಅಂದರೆ ಕೇಬಲ್‌ನಲ್ಲೇ ಪವರ್ ಕೊಡೋ ವ್ಯವಸ್ಥೆ ಇದೆ. ಹಳೆಯ ಸ್ಟ್ಯಾಂಡರ್ಡ್‌ನಲ್ಲಿ ಪೋರ್ಟ್‌ಗೆ 15.4 ವ್ಯಾಟ್. 24 ಪೋರ್ಟ್‌ಗೆ 369.6, ಒಟ್ಟು 519.6 ವ್ಯಾಟ್. ಒಂದೇ ಪವರ್ ಸಪ್ಲೈ ಸಾಕು, ಇನ್ನೊಂದನ್ನ ಧೈರ್ಯವಾಗಿ ಬಿಚ್ಚಬಹುದು. ಈಗ ಕ್ಯಾಮೆರಾ, ವೈಫೈ ಎಲ್ಲಾ ಪಿಓಇ ಪ್ಲಸ್‌ಗೆ ಬದಲಾಯಿಸಿದ್ವಿ ಅನ್ನಿ. ಪೋರ್ಟ್‌ಗೆ 30 ವ್ಯಾಟ್‌ನಂತೆ 720, ಒಟ್ಟು 870. ಈಗ ಒಂದನ್ನ ಎಳೆದರೆ ಉಳಿದದ್ದಕ್ಕೆ ಹೊರೋಕೆ ಆಗಲ್ಲ. ಪೋರ್ಟ್‌ಗಳು ಒಂದೊಂದಾಗಿ ಆರುತ್ತವೆ, ಇಲ್ಲಾ ಸ್ವಿಚ್ಚೇ ಮಲಗುತ್ತೆ. ಎರಡೂ ಸಂದರ್ಭದಲ್ಲಿ ಹೊರಗಿಂದ ನೋಡಿದರೆ ಕಾಣೋದು ಒಂದೇ ಥರ: ಎರಡು ಹಸಿರು ದೀಪ. ಅದಕ್ಕೇ ಕೈ ಹಾಕೋ ಮುಂಚೆ "ಶೋ ಪವರ್", "ಶೋ ಎನ್ವಿರಾನ್ಮೆಂಟ್" ಥರದ ಕಮಾಂಡ್ ಕೊಟ್ಟು ನಿಜವಾದ ವ್ಯಾಟ್ ನೋಡಬೇಕು.

ಇನ್ನೊಂದು ವಿಷಯ ಕಮಾಂಡ್‌ನಲ್ಲೂ ಕಾಣಲ್ಲ. ಎರಡು ಪವರ್ ಕಾರ್ಡ್‌ಗಳ ಇನ್ನೊಂದು ತುದಿ ಎಲ್ಲಿದೆ? ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ, ಆ ಬೋರ್ಡು ಒಂದೇ ಯುಪಿಎಸ್‌ಗೆ ಹೋಗಿದ್ದರೆ ಎರಡು ಪವರ್ ಸಪ್ಲೈಗೆ ಕೊಟ್ಟ ದುಡ್ಡು ಅರ್ಧ ದಂಡ. ಒಂದು ಯುಪಿಎಸ್‌ಗೆ, ಇನ್ನೊಂದು ಬೇರೆ ಯುಪಿಎಸ್‌ಗೆ ಅಥವಾ ಬೇರೆ ಸರ್ಕ್ಯೂಟ್‌ಗೆ ಹೋಗಬೇಕು. ನಮ್ಮ ಜಿಲ್ಲೆಯ ಶಕ್ತಿನಗರದ ಥರ್ಮಲ್ ಸ್ಟೇಷನ್ ನೆನಪು ಮಾಡಿಕೊಳ್ಳಿ. 210 ಮೆಗಾವ್ಯಾಟ್‌ನ ಏಳು ಯೂನಿಟ್, 250 ಮೆಗಾವ್ಯಾಟ್‌ನ ಒಂದು, ಒಟ್ಟು 1720 ಮೆಗಾವ್ಯಾಟ್. ಒಂದೇ ದೊಡ್ಡ ಯೂನಿಟ್ ಅಲ್ಲ, ಎಂಟು. ಒಂದನ್ನ ರಿಪೇರಿಗೆ ನಿಲ್ಲಿಸಿದರೂ ಉಳಿದವು ಓಡ್ತಿರುತ್ತವೆ. ತತ್ವ ಅದೇ.

ಬಿಚ್ಚೋ ಕ್ರಮ ಸುಲಭ. ಕೆಟ್ಟದ್ದು ಯಾವುದು ಅಂತ ದೀಪ ಮತ್ತು ಕಮಾಂಡ್ ಎರಡರಲ್ಲೂ ಖಾತ್ರಿ ಮಾಡಿ. ಆ ಪವರ್ ಸಪ್ಲೈಯ ಕಾರ್ಡ್ ಮೊದಲು ತೆಗೀರಿ. ಲಾಚ್ ಒತ್ತಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈ ಕೆಳಗೆ ಆಧಾರಕ್ಕೆ. ಹೊಸದನ್ನ ತೂರಿಸಿ, ಆಮೇಲೆ ಕಾರ್ಡ್ ಹಾಕಿ, ಹಸಿರು ದೀಪ ಬರೋ ತನಕ ಅಲ್ಲಿಂದ ಕದಲಬೇಡಿ. ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಮೈನಸ್ 48 ವೋಲ್ಟ್ ಡಿಸಿ ಇರುತ್ತೆ. ಅಲ್ಲಿ ಪ್ಲಗ್ ಇಲ್ಲ, ತಂತಿಯನ್ನ ಸ್ಕ್ರೂಗೆ ಬಿಗಿದಿರ್ತಾರೆ. ಬ್ರೇಕರ್ ಇಳಿಸಿ, ಮೀಟರ್ ಇಟ್ಟು ಸೊನ್ನೆ ನೋಡಿ, ಆಮೇಲೆ ಮುಟ್ಟಬೇಕು. ಅರ್ಥಿಂಗ್ ತಂತಿ ಮೊದಲು ಹಾಕಬೇಕು, ಕೊನೆಗೆ ತೆಗೀಬೇಕು. ಪಿನ್‌ಗಳ ಉದ್ದದ ನಿಯಮವೇ ಇಲ್ಲಿ ಕೈಯಿಂದ ಪಾಲಿಸೋದು.

ಫ್ಯಾನ್: ರಾಯಚೂರಿನ ಬೇಸಿಗೆ ಲೆಕ್ಕಕ್ಕೆ ಬರೋದು ಇಲ್ಲಿ

ಪವರ್ ಸಪ್ಲೈ ಬಿಚ್ಚಿದಾಗ ಇನ್ನೊಂದು ಭಾರ ಹೊರುತ್ತೆ. ಫ್ಯಾನ್ ಟ್ರೇ ಒಂದೇ ಇರೋ ಸ್ವಿಚ್‌ನಲ್ಲಿ ಅದನ್ನ ಎಳೆದರೆ ಭಾರ ಹೊರೋದು ಟೈಮು. ಚಿಪ್‌ಗಳು ಬಿಸಿಯಾಗುವ ಮುಂಚೆ ಹೊಸ ಟ್ರೇ ಒಳಗಿರಬೇಕು. ಎಷ್ಟು ಹೊತ್ತು ಅನ್ನೋದು ಮಾದರಿ ಮೇಲೆ ಹೋಗುತ್ತೆ, ಕೆಲವಕ್ಕೆ ಒಂದೆರಡು ನಿಮಿಷ ಮಾತ್ರ. ಅದು ದಾಟಿದರೆ ಸ್ವಿಚ್ ತನ್ನನ್ನ ಉಳಿಸಿಕೊಳ್ಳೋಕೆ ತಾನೇ ಆಫ್ ಆಗುತ್ತೆ.

ಬಹಳ ಆಫೀಸ್ ಸ್ವಿಚ್‌ಗಳ ಡೇಟಾಶೀಟ್‌ನಲ್ಲಿ ಸುತ್ತಲಿನ ಗಾಳಿ 40 ಅಥವಾ 45 ಡಿಗ್ರಿ ತನಕ ಇರಬಹುದು ಅಂತ ಬರೆದಿರುತ್ತೆ. ರಾಯಚೂರಿನಲ್ಲಿ ಏಪ್ರಿಲ್-ಮೇನಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟೋದು ಮಾಮೂಲಿ. ಎಸಿ ಕೆಟ್ಟ ರೂಮಿನಲ್ಲಿ, ಬಾಗಿಲು ಹಾಕಿದ ರ‍್ಯಾಕ್ ಒಳಗೆ ಇನ್ನೂ ಜಾಸ್ತಿ. ಅಂದರೆ ಫ್ಯಾನ್ ತೆಗೆಯೋಕೆ ಮುಂಚೆಯೇ ಸ್ವಿಚ್ ತನ್ನ ಮಿತಿಯ ಹತ್ತಿರ ಇರುತ್ತೆ. ಅದೇ ಕೆಲಸಕ್ಕೆ ಬೆಂಗಳೂರಲ್ಲಿ ಸಿಗುವಷ್ಟು ಪುರುಸೊತ್ತು ಇಲ್ಲಿ ಸಿಗಲ್ಲ. ಆದ್ದರಿಂದ ಬೆಳಗಿನ ಜಾವ ಮಾಡಿ, ಹೊಸ ಟ್ರೇಯನ್ನ ಡಬ್ಬಿಯಿಂದ ತೆಗೆದು ಕೈಯಳತೆಯಲ್ಲಿ ಇಟ್ಟುಕೊಂಡೇ ಹಳೆಯದನ್ನ ಎಳೀರಿ. ಲಾಚ್ ತೆಗೆದು ಸ್ವಲ್ಪ ಹೊರಗೆಳೆದ ಮೇಲೆ ರೆಕ್ಕೆ ನಿಲ್ಲೋಕೆ ಕೆಲವು ಸೆಕೆಂಡ್ ಬೇಕು, ಅಲ್ಲಿಯ ತನಕ ಬೆರಳು ಒಳಗೆ ಹಾಕಬಾರದು.

ಗಾಳಿಯ ದಿಕ್ಕು ಇನ್ನೊಂದು ಬಲೆ. ಕೆಲವು ಫ್ಯಾನ್‌ಗಳು ಪೋರ್ಟ್ ಕಡೆಯಿಂದ ಗಾಳಿ ಎಳೆದು ಹಿಂದೆ ಬಿಡುತ್ತವೆ, ಕೆಲವು ಉಲ್ಟಾ. ಗಾತ್ರ ಒಂದೇ, ಸ್ಲಾಟ್ ಒಂದೇ, ಕೂತೂ ಬಿಡುತ್ತೆ. ಸಿಸ್ಕೋ ನೆಕ್ಸಸ್ ಸ್ವಿಚ್‌ಗಳಲ್ಲಿ ಹಿಡಿಕೆಯ ಬಣ್ಣ ನೋಡಿ ಹೇಳಬಹುದು: ಕಡುಗೆಂಪು ಅಂದ್ರೆ ಪೋರ್ಟ್ ಕಡೆಯಿಂದ ಗಾಳಿ ಒಳಗೆ, ನೀಲಿ ಅಂದ್ರೆ ಪೋರ್ಟ್ ಕಡೆಯಿಂದ ಹೊರಗೆ. ಒಂದೇ ಸ್ವಿಚ್‌ನಲ್ಲಿ ಎರಡನ್ನೂ ಬೆರೆಸಿದರೆ ಒಂದು ಊದಿದ ಗಾಳಿಯನ್ನ ಇನ್ನೊಂದು ಎಳೆದುಕೊಂಡು, ಬಿಸಿ ಒಳಗೇ ಸುತ್ತುತ್ತೆ. ಫ್ಯಾನ್ ಇರೋ ಪವರ್ ಸಪ್ಲೈಗೂ ಇದೇ ನಿಯಮ.

ಧೂಳನ್ನ ಮರೀಬೇಡಿ. ರಾಯಚೂರು ಅಂದ್ರೆ ಹತ್ತಿ ಮಾರ್ಕೆಟ್ಟು, ಜಿನ್ನಿಂಗ್, ರೈಸ್ ಮಿಲ್ಲು. ಹತ್ತಿಯ ಎಳೆ ಫ್ಯಾನ್ ಜಾಲರಿಗೆ ಕಂಬಳಿಯ ಹಾಗೆ ಅಂಟುತ್ತೆ. ಫ್ಯಾನ್ ಕೆಟ್ಟಿದೆ ಅಂತ ಅಲಾರಂ ಬಂದರೆ ಬದಲಿಸುವ ಮುಂಚೆ ಜಾಲರಿ ನೋಡಿ. ಅದನ್ನ ಸ್ವಚ್ಛ ಮಾಡದಿದ್ದರೆ ಹೊಸ ಫ್ಯಾನೂ ಅದೇ ದಾರಿ ಹಿಡಿಯುತ್ತೆ.

ಎಸ್‌ಎಫ್‌ಪಿ: ಸಣ್ಣದು, ಆದರೆ ಊರು ಅದರ ಮೇಲೆ ನಿಂತಿರುತ್ತೆ

ಎಸ್‌ಎಫ್‌ಪಿಗೆ ಬದಲಿ ಹೊರುವವರು ಯಾರು? ಎರಡನೇ ಫೈಬರ್ ಲಿಂಕ್ ಇದ್ದರೆ ಅದು. ಎರಡು ಲಿಂಕ್‌ಗಳನ್ನ ಒಟ್ಟು ಕಟ್ಟಿದ್ದರೆ, ಅಂದರೆ ಲಿಂಕ್ ಅಗ್ರಿಗೇಷನ್ ಮಾಡಿದ್ದರೆ, ಒಂದನ್ನ ಆರಾಮಾಗಿ ತೆಗೀಬಹುದು. ಒಂದೇ ಲಿಂಕ್ ಇದ್ದರೆ ತೆಗೆದಷ್ಟು ಹೊತ್ತು ಆ ಕಡೆ ಕತ್ತಲು.

ಹೊಸದು ಹಳೆಯದರ ಹಾಗೆಯೇ ಇರಬೇಕು. ವೇಗ, ತರಂಗಾಂತರ, ದೂರ ಮೂರೂ ಹೊಂದಬೇಕು. ಎಲ್ಎಕ್ಸ್ ಅನ್ನೋದು 1310 ನ್ಯಾನೋಮೀಟರ್, ಸುಮಾರು 10 ಕಿಲೋಮೀಟರ್‌ಗೆ. ರಾಯಚೂರಿನಿಂದ ಮಾನ್ವಿ 40 ಕಿಲೋಮೀಟರ್‌ಗಿಂತ ಜಾಸ್ತಿ, ದೇವದುರ್ಗ 50ಕ್ಕಿಂತ ಜಾಸ್ತಿ. ನಡುವೆ ಎಲ್ಲೂ ಸಿಗ್ನಲ್ ಮತ್ತೆ ಎತ್ತದೇ ನೇರ ಫೈಬರ್ ಎಳೆದರೆ ಎಲ್ಎಕ್ಸ್ ಮುಟ್ಟಲ್ಲ. 1550 ನ್ಯಾನೋಮೀಟರ್‌ನ, ಸುಮಾರು 70 ಕಿಲೋಮೀಟರ್ ಹೋಗೋ ಝಡ್ಎಕ್ಸ್ ಥರದ್ದು ಬೇಕು. 1550ರಲ್ಲಿ ಕಿಲೋಮೀಟರ್‌ಗೆ 0.25 ಡೆಸಿಬಲ್ ನಷ್ಟ ಅಂತ ಹಿಡಿದರೆ 50 ಕಿಲೋಮೀಟರ್‌ಗೆ 12.5 ಡೆಸಿಬಲ್, ಜೊತೆಗೆ ಪ್ರತಿ ಜಾಯಿಂಟ್‌ನ ನಷ್ಟ. ದೂರದ್ದನ್ನ ಹತ್ತಿರಕ್ಕೆ ಹಾಕಿದರೂ ಕಷ್ಟವೇ: ಬೆಳಕು ಜಾಸ್ತಿಯಾಗಿ ಎದುರಿನ ರಿಸೀವರ್ ಕುರುಡಾಗುತ್ತೆ, ನಡುವೆ ಅಟೆನ್ಯುಯೇಟರ್ ಹಾಕಬೇಕು.

ಎಚ್ಚರಿಕೆ: ಫೈಬರ್ ತುದಿಯನ್ನ, ಎಸ್‌ಎಫ್‌ಪಿಯ ಬಾಯಿಯನ್ನ ಕಣ್ಣಿಗೆ ಹಿಡಿದು ನೋಡಬೇಡಿ. 1310, 1550 ಎರಡೂ ಕಣ್ಣಿಗೆ ಕಾಣದ ಬೆಳಕು. ಏನೂ ಕಾಣ್ತಿಲ್ಲ ಅಂದ್ರೆ ಲೇಸರ್ ಆಫ್ ಇದೆ ಅಂತ ಅರ್ಥ ಅಲ್ಲ. ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕು ಹರಿಯೋ ತಿರುಳು ಸುಮಾರು 9 ಮೈಕ್ರೋಮೀಟರ್, ಒಂದು ಧೂಳಿನ ಕಣ ಅದನ್ನ ಪೂರ್ತಿ ಮುಚ್ಚಬಹುದು. ಆದ್ದರಿಂದ ಕೇಬಲ್ ಮೊದಲು ತೆಗೆದು ತಕ್ಷಣ ಕ್ಯಾಪ್ ಹಾಕಿ, ಆಮೇಲೆ ಲಾಚ್ ಎಳೆದು ಎಸ್‌ಎಫ್‌ಪಿ ತೆಗೀರಿ. ಹೊಸದು ಕೂತ ಮೇಲೆ ಅದರ ಡಯಾಗ್ನೋಸ್ಟಿಕ್ ರೀಡಿಂಗ್‌ನಲ್ಲಿ ಬರುವ ಬೆಳಕು ಎಷ್ಟಿದೆ ನೋಡಿ ಬರೆದಿಡಿ. ಮುಂದಿನ ಸಲ ಕೆಟ್ಟಾಗ ಹೋಲಿಸೋಕೆ ಆ ಒಂದು ಸಂಖ್ಯೆ ಬಹಳ ಉಪಯೋಗ.

ಲೈನ್ ಕಾರ್ಡ್ ಮತ್ತು ಸೂಪರ್‌ವೈಸರ್

ಚಾಸಿ ಸ್ವಿಚ್‌ನಲ್ಲಿ ಲೈನ್ ಕಾರ್ಡ್ ಅಂದ್ರೆ ಒಂದು ಸ್ಲಾಟ್‌ನಲ್ಲಿ ಕೂರೋ ಹತ್ತಾರು ಪೋರ್ಟ್‌ಗಳ ಬೋರ್ಡು. ಪೆನ್ ಡ್ರೈವ್ ತೆಗೆಯುವ ಮುಂಚೆ "ಸೇಫ್ಲಿ ರಿಮೂವ್" ಅಂತೀವಲ್ಲ, ಇದಕ್ಕೂ ಹಾಗೆಯೇ. ಮೊದಲು ಕಮಾಂಡ್‌ನಿಂದ ಕಾರ್ಡನ್ನ ಆಫ್‌ಲೈನ್ ಮಾಡಿ, ದೀಪದ ಬಣ್ಣ ಬದಲಾಗೋ ತನಕ ಕಾಯಿರಿ. ಕೇಬಲ್‌ಗಳಿಗೆ ಲೇಬಲ್ ಹಚ್ಚಿ, ಫೋಟೋ ತೆಗೀರಿ. ಮಣಿಕಟ್ಟಿಗೆ ಆಂಟಿ-ಸ್ಟ್ಯಾಟಿಕ್ ಪಟ್ಟಿ ಕಟ್ಟಿ ಚಾಸಿಗೆ ಸಿಕ್ಕಿಸಿ. ಬೇಸಿಗೆಯ ಒಣ ಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ಚಾರ್ಜ್ ಬೇಗ ಸೇರುತ್ತೆ. ಸುಮಾರು 3000 ವೋಲ್ಟ್ ಆದ ಮೇಲೆ ನಮಗೆ ಚುರುಕ್ ಅನ್ನುತ್ತೆ, ಆದರೆ ಚಿಪ್ ಸಾಯೋಕೆ ಅದಕ್ಕಿಂತ ಬಹಳ ಕಡಿಮೆ ಸಾಕು. ನಮಗೆ ಗೊತ್ತೇ ಆಗದ ಹಾಗೆ ಕಾರ್ಡ್ ಹಾಳಾಗಿರುತ್ತೆ.

ಎರಡೂ ಬದಿಯ ಎಜೆಕ್ಟರ್ ಹಿಡಿಕೆಗಳನ್ನ ಒಟ್ಟಿಗೇ ತೆರೀಬೇಕು. ಒಂದು ಸಲಕ್ಕೆ ಒಂದೇ ಕಾರ್ಡು. ಹೊಸ ಕಾರ್ಡ್ ಬೂಟ್ ಆಗೋಕೆ ಕೆಲವು ನಿಮಿಷ ಹಿಡಿಯಬಹುದು, ಬರಲಿಲ್ಲ ಅಂತ ಅವಸರಕ್ಕೆ ಮತ್ತೆ ಎಳೀಬೇಡಿ. ಅದೇ ಮಾದರಿಯ ಕಾರ್ಡ್ ಹಾಕಿದರೆ ಹಳೆಯ ಕಾನ್ಫಿಗರೇಷನ್ ಸಾಮಾನ್ಯವಾಗಿ ಹಾಗೇ ಕೂತುಕೊಳ್ಳುತ್ತೆ. ಖಾಲಿ ಬಿಡುವ ಸ್ಲಾಟ್‌ಗೆ ಮುಚ್ಚಳ ಹಾಕಲೇಬೇಕು, ಇಲ್ಲಾಂದ್ರೆ ಗಾಳಿ ಸುಲಭದ ದಾರಿ ಹಿಡಿದು ಉಳಿದ ಕಾರ್ಡ್‌ಗಳು ಬೇಯುತ್ತವೆ. ಸೂಪರ್‌ವೈಸರ್ ಆದರೆ ಇನ್ನೊಂದು "ಸ್ಟ್ಯಾಂಡ್‌ಬೈ ಹಾಟ್" ಸ್ಥಿತಿಯಲ್ಲಿದೆಯಾ ನೋಡಿ, ಕಮಾಂಡ್‌ನಿಂದಲೇ ಅಧಿಕಾರ ದಾಟಿಸಿ, ಅದು ನಿಂತ ಮೇಲೆ ಹಳೆಯದನ್ನ ಮುಟ್ಟಿ.

19ನೇ ಗೇಟು ಕಲಿಸಿದ್ದು

ಹರಿಯುವ ನೀರಿನಲ್ಲೇ ಹಾಟ್-ಸ್ವಾಪ್ ಮಾಡಿದ್ದನ್ನ ನಮ್ಮ ಭಾಗದವರೆಲ್ಲಾ ಟಿವಿಯಲ್ಲಿ ನೋಡಿದ್ದೀವಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟ್‌ಗಳಲ್ಲಿ 19ನೆಯದು, ಚೈನ್ ತುಂಡಾಗಿ ಕೊಚ್ಚಿಹೋಯಿತು. ಡ್ಯಾಂ "ಆಫ್" ಮಾಡೋಕೆ ಆಗಲ್ಲ. ಪೂರ್ತಿ ಖಾಲಿ ಮಾಡಿದರೆ ಎಡದಂಡೆ ಕಾಲುವೆಯ ಮಾನ್ವಿ ಕಡೆಯ ರೈತರ ಭತ್ತದ ಗತಿ ಏನು? ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಸುಮಾರು ಒಂದು ವಾರದಲ್ಲಿ, ನೀರು ಹರೀತಿರುವಾಗಲೇ ಸ್ಟಾಪ್‌ಲಾಗ್ ತುಂಡುಗಳನ್ನ ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು.

ಆ ವಾರದಲ್ಲಿ ಬಹಳ ಹೊತ್ತು ಹೋಗಿದ್ದು ಇಳಿಸೋದಕ್ಕಲ್ಲ, ಇಳಿಸಬೇಕಾದ ತುಂಡುಗಳನ್ನ ಅಳತೆಗೆ ತಯಾರಿಸಿ ತರೋದಕ್ಕೆ. ಸ್ವಿಚ್‌ಗೂ ಇದು ಅನ್ವಯಿಸುತ್ತೆ. ಬದಲಿಸೋ ಕೆಲಸ ಎರಡು ನಿಮಿಷದ್ದು. ಸ್ಪೇರ್ ಎಲ್ಲಿದೆ ಅನ್ನೋದೇ ನಿಜವಾದ ಟೈಮು.

ದೇವದುರ್ಗ, ಮಾನ್ವಿಗೆ ಲೆಕ್ಕ ಹಾಕಿದರೆ

ಕರ್ನಾಟಕದಲ್ಲಿ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಸರ್ಕಾರಿ ಕಚೇರಿಗಳನ್ನ ಬೆಸೆಯೋ ಕೆಸ್ವಾನ್ ಜಾಲ ಇದೆ. 2011ರಲ್ಲಿ ಮಂಜೂರಾಗಿ ಈಗ ಭಾರತ್‌ನೆಟ್ ಅನ್ನೋ ಹೆಸರಿನಲ್ಲಿರೋ ಯೋಜನೆ ಗ್ರಾಮ ಪಂಚಾಯಿತಿ ತನಕ ಫೈಬರ್ ಒಯ್ಯುತ್ತೆ. ಅದರ ಮೊದಲ ಹಂತದಲ್ಲಿ ಎಕ್ಸ್‌ಚೇಂಜ್‌ನಲ್ಲಿ ಓಎಲ್‌ಟಿ ಅನ್ನೋ ಯಂತ್ರ, ಪಂಚಾಯಿತಿಯಲ್ಲಿ ಓಎನ್‌ಟಿ ಅನ್ನೋ ಸಣ್ಣ ಡಬ್ಬಿ. ಓಎಲ್‌ಟಿಯ ಒಂದು ಪೋರ್ಟಿನಿಂದ ಸ್ಪ್ಲಿಟರ್ ಮೂಲಕ ಹಲವು ಪಂಚಾಯಿತಿಗೆ ಬೆಳಕು ಹಂಚುತ್ತೆ. ಇಂಥ ಯಂತ್ರದಲ್ಲಿ ಒಂದು ಕಾರ್ಡ್ ಹೋದರೆ ಒಂದಲ್ಲ, ಹಲವು ಊರಿನ ಕೆಲಸ ನಿಲ್ಲುತ್ತೆ. ಕಾಲುವೆಯ ಮೇಲ್ಭಾಗದಲ್ಲಿ ಒಡೆದರೆ ಕೆಳಭಾಗದವರಿಗೆಲ್ಲಾ ನೀರಿಲ್ಲ ಅನ್ನೋದು ಮಾನ್ವಿಯವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ನೆಟ್‌ವರ್ಕ್ ಪುಸ್ತಕಗಳಲ್ಲಿ "ಫೈವ್ ನೈನ್ಸ್" ಅಂತ ಓದ್ತೀವಿ, 99.999 ಪರ್ಸೆಂಟ್. ವರ್ಷಕ್ಕೆ ಸುಮಾರು 5 ನಿಮಿಷ ಮಾತ್ರ ನಿಲ್ಲಬಹುದು ಅಂತ ಅರ್ಥ. ದೇವದುರ್ಗದ ಸ್ವಿಚ್ ಪೂರ್ತಿ ಸತ್ತು, ಸ್ಪೇರ್ ರಾಯಚೂರಲ್ಲಿ ಇದ್ದರೆ, ಜೀಪು ತಕ್ಷಣ ಹೊರಟರೂ ಒಂದು ಗಂಟೆ ದಾರಿಗೇ ಬೇಕು. ಹನ್ನೊಂದು ವರ್ಷದ ಕೋಟಾ ಒಂದೇ ಪ್ರಯಾಣದಲ್ಲಿ ಖಾಲಿ. ಸ್ಪೇರ್ ಬೆಂಗಳೂರಿನ ಗೋಡೌನ್‌ನಲ್ಲಿ ಇದ್ದರೆ ಆ ಲೆಕ್ಕ ಹಾಕೋದೇ ಬೇಡ.

ಈಗ ಅದೇ ಸ್ವಿಚ್‌ಗೆ ಎರಡು ಪವರ್ ಸಪ್ಲೈ ಇದೆ, ಒಂದು ಮಾತ್ರ ಸತ್ತಿದೆ ಅಂತಿಟ್ಟುಕೊಳ್ಳಿ. ಸರ್ವೀಸ್ ನಿಂತಿಲ್ಲ. ಜೀಪು ನಾಳೆ ಹೋದರೂ ನಡೆಯುತ್ತೆ. ಹಾಟ್-ಸ್ವಾಪ್ ನಮಗೆ ಕೊಡೋದು ಈ ಪುರುಸೊತ್ತು. ಆದರೆ ಇಲ್ಲೇ ಅಪಾಯವೂ ಇದೆ. ಯಾರೂ ಬಂದು ಕೇಳಲ್ಲ, ಎಲ್ಲಾ ಓಡ್ತಾ ಇದೆಯಲ್ಲ ಅಂತ ಬಿಡ್ತೀವಿ. ಅಲಾರಂ ದೀಪ ತಿಂಗಳುಗಟ್ಟಲೆ ಕೇಸರಿ ಬಣ್ಣದಲ್ಲೇ ಉರೀತಿರುತ್ತೆ. ಎರಡನೆಯದು ಸತ್ತ ದಿನ ಹಾಟ್-ಸ್ವಾಪ್ ಅನ್ನೋ ಮಾತಿಗೆ ಅರ್ಥವೇ ಇರಲ್ಲ, ಯಾಕಂದ್ರೆ ಆಗ ಸ್ವಿಚ್ "ಹಾಟ್" ಆಗಿಯೇ ಇಲ್ಲ. ಮೊದಲ ಪೆಟ್ಟಿಗೂ ಎರಡನೇ ಪೆಟ್ಟಿಗೂ ನಡುವೆ ಸಿಗುವ ಟೈಮೇ ಹಾಟ್-ಸ್ವಾಪ್ ಮಾಡೋ ಟೈಮು. ಹಾಗಾಗಿ ತಾಲೂಕಿನ ಸ್ವಿಚ್‌ಗಳ ಅಲಾರಂ ಜಿಲ್ಲಾ ಕೇಂದ್ರದಲ್ಲಿ ಕೂತವರ ಕಣ್ಣಿಗೆ ಬೀಳುವ ಹಾಗೆ ಎಸ್‌ಎನ್‌ಎಂಪಿ ಅಥವಾ ಸಿಸ್‌ಲಾಗ್ ಮೂಲಕ ಕಳಿಸೋದು ಅಷ್ಟೇ ಮುಖ್ಯ.

ಬಿಚ್ಚೋಕೆ ಬರದ ಸಣ್ಣ ಸ್ವಿಚ್ ಇದ್ದರೆ? ಅಲ್ಲಿ ಇಡೀ ಡಬ್ಬಿಯೇ ಮಾಡ್ಯೂಲ್ ಅಂದುಕೊಳ್ಳಿ. ಅದೇ ಮಾದರಿಯ ಇನ್ನೊಂದನ್ನ, ಕಾನ್ಫಿಗರೇಷನ್ ತುಂಬಿಸಿ, ಅದೇ ರೂಮಿನ ಬೀರುವಿನಲ್ಲಿ ಇಡಿ. ಕೇಬಲ್‌ಗೆಲ್ಲಾ ಕನ್ನಡದಲ್ಲೇ ಲೇಬಲ್ ಹಚ್ಚಿ. ಆಗ ಎಂಜಿನಿಯರ್ ಬರೋ ತನಕ ಕಾಯದೇ ಅಲ್ಲಿನ ಸಿಬ್ಬಂದಿಯೇ ಫೋನಿನಲ್ಲಿ ಕೇಳಿಕೊಂಡು ಹತ್ತು ಹದಿನೈದು ನಿಮಿಷದಲ್ಲಿ ಬದಲಿಸಬಹುದು.

ಕೈ ಹಾಕುವ ಮುಂಚೆ ಕೇಳಿಕೊಳ್ಳಬೇಕಾದ್ದು

1. ನಿಜವಾಗಿ ಕೆಟ್ಟಿರೋದು ಯಾವುದು? ದೀಪ, ಕಮಾಂಡ್, ಲಾಗ್ ಮೂರೂ ಒಂದೇ ಹೇಳ್ತಿವೆಯಾ? ಚೆನ್ನಾಗಿರೋದನ್ನ ಎಳೆದರೆ ಎರಡೂ ಹೋದಂತೆ.
2. ಇದು ಹೊರಗಿದ್ದಾಗ ಭಾರ ಹೊರೋದು ಯಾರು? ವ್ಯಾಟ್, ಲಿಂಕ್, ಟೈಮು ಲೆಕ್ಕ ಹಾಕಿದ್ದೀವಾ?
3. ಹೊಸ ಮಾಡ್ಯೂಲ್ ಕೈಯಲ್ಲಿದೆಯಾ? ಪಾರ್ಟ್ ನಂಬರ್, ಗಾಳಿಯ ದಿಕ್ಕು, ಎಸಿ-ಡಿಸಿ, ತರಂಗಾಂತರ ಹೊಂದುತ್ತವಾ?
4. ಕಾನ್ಫಿಗರೇಷನ್ ಬ್ಯಾಕಪ್ ತೆಗೆದಿದ್ದೀವಾ? ಆ ಕಡೆಯ ಜನಕ್ಕೆ ತಿಳಿಸಿದ್ದೀವಾ?
5. ಆಂಟಿ-ಸ್ಟ್ಯಾಟಿಕ್ ಪಟ್ಟಿ, ಫೈಬರ್ ಕ್ಯಾಪ್, ಟಾರ್ಚು ಹತ್ತಿರ ಇದೆಯಾ?
6. ಮುಗಿದ ಮೇಲೆ ಲಾಗ್ ನೋಡಿ, ರೀಡಿಂಗ್ ಬರೆದು, ಕೆಟ್ಟದ್ದನ್ನ "ಕೆಟ್ಟಿದೆ" ಅಂತ ಚೀಟಿ ಹಚ್ಚಿ ಬೇರೆ ಇಟ್ಟಿದ್ದೀವಾ? ಇಲ್ಲಾಂದ್ರೆ ಅದೇ ನಾಳೆ ಸ್ಪೇರ್ ಅಂತ ವಾಪಸ್ ಬರುತ್ತೆ.
7. ಖರ್ಚಾದ ಸ್ಪೇರ್ ಬದಲಿಗೆ ಹೊಸದಕ್ಕೆ ಇವತ್ತೇ ಇಂಡೆಂಟ್ ಹಾಕಿದ್ದೀವಾ?

ಲ್ಯಾಬ್‌ನಲ್ಲಿ ಅಭ್ಯಾಸ ಮಾಡೋಕೆ ದುಬಾರಿ ಚಾಸಿ ಬೇಕಿಲ್ಲ. ಎಸ್‌ಎಫ್‌ಪಿ ಹಾಕೋ ಎರಡು ಸ್ವಿಚ್, ಎರಡು ಫೈಬರ್ ಪ್ಯಾಚ್ ಕಾರ್ಡ್ ಸಾಕು. ಎರಡು ಲಿಂಕ್‌ಗಳನ್ನ ಅಗ್ರಿಗೇಷನ್ ಮಾಡಿ, ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಪಿಂಗ್ ಬಿಟ್ಟು, ಒಂದು ಎಸ್‌ಎಫ್‌ಪಿ ತೆಗೀರಿ. ಎಷ್ಟು ಪಿಂಗ್ ಹೋಯಿತು ಎಣಿಸಿ. ಆಮೇಲೆ ಅಗ್ರಿಗೇಷನ್ ತೆಗೆದು, ಒಂದೇ ಲಿಂಕ್ ಇಟ್ಟು ಅದನ್ನೇ ಮಾಡಿ. ಎರಡು ಸಂಖ್ಯೆಗಳನ್ನ ಪಕ್ಕಪಕ್ಕ ಬರೆದುಕೊಳ್ಳಿ. ಇಂಟರ್ವ್ಯೂನಲ್ಲಿ ರಿಡಂಡೆನ್ಸಿ ಬಗ್ಗೆ ಕೇಳಿದರೆ ನಿಮ್ಮ ಹತ್ರ ನಿಮ್ಮದೇ ಅಳತೆ ಇರುತ್ತೆ.